ಮೂರು ಚೆಂಡಿನ ಯಂತ್ರದ ಮೇಲೆ ಹಾವೇರಿಯಿಂದ ಒಂದು ದೂರು

ಉಸಿರಿನ ವ್ಯಾಯಾಮ ಮಾಡಿಸುವ ಪ್ಲಾಸ್ಟಿಕ್ ಯಂತ್ರದವರಿಗೆ,
ನಮ್ಮ ಅಡುಗೆಮನೆಯ ಕಿಟಕಿಕಟ್ಟೆ, ಹಾವೇರಿ.

ಮಾನ್ಯರೇ,

ತಾವೂ ತಮ್ಮ ಒಡಲಿನಲ್ಲಿರುವ ಮೂರು ನೀಲಿ ಚೆಂಡುಗಳೂ ಕ್ಷೇಮವೆಂದು ನಂಬಿ, ಹೈಸ್ಕೂಲಿನ ಹಿಂದಿ ಶಿಕ್ಷಕಿ ಪದ್ಮಜಾ ಆದ ನಾನು ತಮ್ಮ ಮೇಲೆ ಈ ದೂರನ್ನು ಅತ್ಯಂತ ಗೌರವಪೂರ್ವಕವಾಗಿ ಸಲ್ಲಿಸುತ್ತಿದ್ದೇನೆ.

ವರ್ಷದ ಖಾರದಪುಡಿಗೆ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದವಳಿಗೆ ಹತ್ತಿದ ಕೆಮ್ಮು ಬಹಳ ದಿನ ನಿಲ್ಲದೆ, ನಮ್ಮ ಯಜಮಾನರು ವಿಜಯೇಂದ್ರ ಹಟ ಹಿಡಿದು ಸ್ಕ್ಯಾನ್ ಮಾಡಿಸಿದಾಗ, ಎಡ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು. ಹುಬ್ಬಳ್ಳಿಯ ವೈದ್ಯರು ಎದೆ ಸೀಳದೆ, ಪಕ್ಕೆಯಲ್ಲಿ ಸಣ್ಣ ತೂತುಗಳನ್ನಷ್ಟೇ ಮಾಡಿ, ಕ್ಯಾಮೆರಾ ಇಳಿಸಿ, ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಮನೆಗೆ ಹೊರಟಾಗ ನರ್ಸಬಾಯಿಯವರು, "ದಿನಾ ನಳಿಗಿ ಬಾಯಾಗ ಇಟ್ಟು ಉಸಿರು ಎಳೀರಿ, ಚೆಂಡು ಮ್ಯಾಲೆ ಏರಬೇಕು," ಎಂದು ತಮ್ಮನ್ನು ನನ್ನ ಕೈಗಿತ್ತರು.

ತಮ್ಮ ಮೊದಲ ಚೆಂಡು ಅಲುಗಲೂ ಒಪ್ಪಲಿಲ್ಲ. ಪಕ್ಕೆ ನೋಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ವರದಿ ಇನ್ನೂ ಬಂದಿರಲಿಲ್ಲ. ಕ್ಯಾನ್ಸರ್ ಎಂದಾದರೆ ಚೆಂಡು ಏರಿಸಿ ಏನು ಬಂತು ಎಂದುಕೊಂಡು, ತಮ್ಮಂಥ ಗಣ್ಯರನ್ನು ಅಕ್ಕಿಡಬ್ಬಿಯ ಹಿಂದೆ ಕೂರಿಸಿಬಿಟ್ಟೆ.

ಅಲ್ಲಿಂದ ತಮ್ಮನ್ನು ಹುಡುಕಿ ತಂದವರು ನನ್ನ ಅತ್ತೆ ಗೋದೂಬಾಯಿಯವರು. ಮದುವೆಯಾದಾಗಿನಿಂದ ನಾವಿಬ್ಬರೂ ನಮ್ಮ ಜಗಳವನ್ನು ಬಹಳ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದವರು. ಅವರು ಎದುರಿಗೆ ಕುರ್ಚಿ ಹಾಕಿಕೊಂಡು, "ವರದಿ ಬರೋದು ಬರಲಿ, ನೀ ಎಳಿ. ನನ್ನ ಜೋಡಿ ವಾದಾ ಮಾಡೋ ಮುಂದ ಎಲ್ಲಿಂದ ಬರ್ತಿತ್ತು ಈ ಉಸಿರು?" ಎಂದರು. ದಿನವೂ ಹೀಗೇ ಚುಚ್ಚಿದರು. ಒಂದು ಸಂಜೆ, "ನಿನ್ನ ತವರಮನಿಯವರಿಗೇ ದಮ್ಮಿಲ್ಲ, ನೀ ಏನು ಏರಸ್ತೀ," ಎಂದಾಗ ನಾನು ಸಿಟ್ಟಿನಿಂದ ಎಳೆದ ರಭಸಕ್ಕೆ ಮೂರೂ ಚೆಂಡುಗಳು ಮೇಲೇರಿ ನಿಂತವು. ತಿರುಗುತ್ತರ ಕೊಡಲೆಂದು ನೋಡಿದರೆ, ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮುಂದೆ ವರದಿಯೂ ಬಂತು, ಕ್ಯಾನ್ಸರ್ ಅಲ್ಲ. ಯಜಮಾನರು ಓದುತ್ತಿರುವಾಗ ಅತ್ತೆಯವರು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, "ಇನ್ನೊಮ್ಮೆ ಓದೋ," ಎಂದರು.

ನನ್ನ ದೂರು ಇಷ್ಟೇ. ಅಂದಿನಿಂದ ಸಾರಿಗೆ ಉಪ್ಪು ಹೆಚ್ಚಾದರೂ ಅತ್ತೆಯವರು "ಛಲೋ ಆಗೇದ" ಎನ್ನುತ್ತಾರೆ. ನನಗೆಂದು ತಾವೇ ಚಹಾ ಮಾಡುತ್ತಾರೆ; ಅದು ಕುಡಿಯುವಂತಿರುವುದಿಲ್ಲ, ಹೇಳುವಂತೆಯೂ ಇಲ್ಲ. ಇಷ್ಟು ವರ್ಷ ಹದಗೊಳಿಸಿಟ್ಟ ನನ್ನ ವಾದಗಳೆಲ್ಲ ಕೆಲಸವಿಲ್ಲದೆ ಕೂತಿವೆ. ಆದಕಾರಣ ತಾವು ದಯಮಾಡಿ ನಾಲ್ಕನೆಯ ಚೆಂಡೊಂದನ್ನು ಧರಿಸಿ, ಅದು ಯಾರ ಉಸಿರಿಗೂ ಏಳದಂತೆ ನೋಡಿಕೊಂಡು, ವಾರಕ್ಕೊಂದು ಜಗಳವನ್ನಾದರೂ ನಮಗೆ ಮರಳಿ ಕರುಣಿಸಬೇಕಾಗಿ ವಿನಂತಿ.

ಉಸಿರಿರುವವರೆಗೂ ತಮ್ಮ ವಿಶ್ವಾಸಿ,
ಪದ್ಮಜಾ

ವಿ.ಸೂ.: ಮೇಡ್ಲೇರಿಯಲ್ಲಿರುವ ನನ್ನ ನಾದಿನಿ ಜ್ಯೋತ್ಸ್ನಾ ತಮ್ಮನ್ನು ಕೆಲವು ದಿನಗಳ ಮಟ್ಟಿಗೆ ಕಳಿಸಿಕೊಡಲು ಕೇಳಿದ್ದಾಳೆ. ಅವಳ ಶ್ವಾಸಕೋಶ ಚೆನ್ನಾಗಿಯೇ ಇದೆ. ಅವಳ ಅತ್ತೆ ಅವಳೊಂದಿಗೆ ಮಾತು ಬಿಟ್ಟಿದ್ದಾರಂತೆ.