ಬೈಗುಳ ಹುಡುಕುವ ಸ್ಕ್ರಿಪ್ಟ್

ಹಲವು ಭಾಷೆಯವರು ಒಂದೇ ಆಫೀಸಿನಲ್ಲಿ ಕೂತರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಕೋಡ್ ಬರೆಯುವವರು ನಡುನಡುವೆ ತಮಗಾಗಿ ಟಿಪ್ಪಣಿ ಹಾಕಿಕೊಳ್ಳುವುದುಂಟು. ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪಕ್ಕದವರಿಗೆ ತಮ್ಮ ಭಾಷೆ ಬಾರದು ಎಂಬ ಧೈರ್ಯದಲ್ಲಿ ಎಲ್ಲರೂ ಅಲ್ಲಿ ಮನಸಾರೆ ಬೈದುಕೊಂಡಿದ್ದರು. ಈಗ ಆ ಫೈಲುಗಳನ್ನೆಲ್ಲ ಕ್ಲೈಂಟಿಗೆ ಒಪ್ಪಿಸಬೇಕಿತ್ತು. ಒಂದು ಬೈಗುಳ ಕಂಡರೂ ಮುಂದಿನ ಕೆಲಸ ಕೈತಪ್ಪುತ್ತದೆ ಎಂದ ಬಾಸ್, ಅವನ್ನು ಹುಡುಕುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆಯಲು ನನಗೆ ಹೇಳಿದರು. ನಾನು ಮೈಸೂರಿನವಳು, ಮರ್ಯಾದಸ್ಥೆ ಎಂಬುದು ಅವರು ಕೊಟ್ಟ ಕಾರಣ.

ಪದಸಂಗ್ರಹ

ಹುಡುಕಬೇಕಾದರೆ ಮೊದಲು ಪದ ಗೊತ್ತಿರಬೇಕಲ್ಲ? ನನ್ನ ಬಂಡವಾಳ 'ಮುಟ್ಠಾಳ'ಕ್ಕೇ ಮುಗಿಯಿತು. ಮೇಜಿನಿಂದ ಮೇಜಿಗೆ ಹೋಗಿ ಕೇಳಿದೆ. ಹಿಂದಿಯವರು, ಮರಾಠಿಯವರು ಧಾರಾಳವಾಗಿ ಕೊಟ್ಟರು. ಅರ್ಥ ಏನು ಎಂದು ಕುತೂಹಲಕ್ಕೆ ಕೇಳಿದಾಗ ಮಾತ್ರ ಎಲ್ಲರಿಗೂ ಒಟ್ಟಿಗೆ ಚಹಾ ನೆನಪಾಯಿತು.

ಅಜ್ಜಿಯ ಆಸ್ತಿ

ನಮ್ಮಲ್ಲಿ ಉಡುಪಿ ಕಡೆಯ ಅಕ್ಕ ಒಬ್ಬರಿದ್ದಾರೆ. ತುಳುವಿನಲ್ಲಿ ಕೆಟ್ಟ ಮಾತೇ ಇಲ್ಲ ಎಂದು ಅವರು ಸಾಧಿಸಿದರು. ಸಂಜೆ ಇಬ್ಬರೂ ಲೋಕಲ್ ರೈಲಿನಲ್ಲಿ ಹೊರಟೆವು. ನಾನು ಪಾರ್ಲೆಗೆ, ಅವರು ದಹಿಸರಿಗೆ. ಅವರ ಮಾತು ಸುಳ್ಳಾಗಲು ಪಾರ್ಲೆಯವರೆಗೂ ಕಾಯಬೇಕಾಗಲಿಲ್ಲ, ದಾದರಿನಲ್ಲೇ ಯಾರೋ ಹೆಂಗಸು ಅಕ್ಕನ ಕಾಲು ತುಳಿದಳು. ಆಮೇಲೆ ಬಂದದ್ದನ್ನೆಲ್ಲ ನಾನು ಫೋನಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಅಕ್ಕ ತಿರುಗಿ ನೋಡಿ, "ಬರ್ಕೊಂಡ್ಯಾ ಮಾರಾಯ್ತಿ? ಕೊನೇದು ನಮ್ಮ ಅಜ್ಜಿದು, ಅದನ್ನು ಬಿಡಬೇಡ" ಅಂದರು. ಅಷ್ಟರಲ್ಲಿ ಪಾರ್ಲೆ ಹಿಂದೆ ಹೋಗಿತ್ತು.

ಹಳೆಯ ಫೈಲು

ಸ್ಕ್ರಿಪ್ಟ್ ಓಡಿಸಿದೆ. ಎಲ್ಲಕ್ಕಿಂತ ಘೋರವಾದದ್ದು ಬಹಳ ಹಳೆಯ ಫೈಲೊಂದರಲ್ಲಿ ಸಿಕ್ಕಿತು. ಬರೆದವರ ಹೆಸರು ನೋಡಿದರೆ ನಮ್ಮ ಬಾಸ್‌ದೇ. ಹೋಗಿ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಆ ಕೋಡ್ ಮಾತ್ರ ಇವತ್ತಿಗೂ ಕೆಟ್ಟಿಲ್ಲ ನೋಡು ಎಂದರು.

ಒಪ್ಪಿಸುವ ದಿನ

ಸಿಕ್ಕಿದ್ದನ್ನೆಲ್ಲ ಅಳಿಸಿದೆವು. ಕ್ಲೈಂಟಿನ ಕಡೆಯಿಂದ ಬಂದವರು ನಗುವುದೇ ಗೊತ್ತಿಲ್ಲದಂಥ ಹಿರಿಯ ಅಧಿಕಾರಿಣಿ. ಬಾಸ್ ಹೆಮ್ಮೆಯಿಂದ ಅವರ ಎದುರಿಗೇ ಸ್ಕ್ರಿಪ್ಟ್ ಓಡಿಸಲು ಹೇಳಿದರು. ಓಡಿಸಿದೆ. ದೊಡ್ಡ ಪರದೆಯ ತುಂಬ ಬೈಗುಳ.

ಒಪ್ಪಿಸುವ ಫೈಲುಗಳ ಜೊತೆ ನಾನು ಸ್ಕ್ರಿಪ್ಟನ್ನೂ ಇಟ್ಟಿದ್ದೆ. ಹುಡುಕಬೇಕಾದ ಪದಗಳೆಲ್ಲ ಅದರೊಳಗೇ ಇದ್ದವಲ್ಲ, ಅದು ತನ್ನನ್ನೇ ಹಿಡಿದುಕೊಟ್ಟಿತ್ತು. ಮೇಲೆ ಬರೆದವರ ಹೆಸರು, ನನ್ನದು. ಕೆಲಸ ಹೋಯಿತು ಎಂದುಕೊಂಡೆ. ಬಾಸ್ ಕಿಟಕಿಯ ಹೊರಗೆ ನೋಡುತ್ತಿದ್ದರು.

ಆ ಅಮ್ಮ ಒಂದೊಂದನ್ನೂ ನಿಧಾನವಾಗಿ ಓದಿದರು, ಅಜ್ಜಿಯದನ್ನೂ. ಕೊನೆಗೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಮರಾಠಿಯಲ್ಲಿ ಕೇಳಿದರು:

"ನಾನು ಮಾಲವಣದವಳು. ನಮ್ಮೂರಿನದು ಒಂದೂ ಇಲ್ಲವಲ್ಲ. ಬರ್ಕೊಳ್ತೀಯಾ?"