ಗೋಡೆಯ ಮೇಲಿನ ಒಂಟಿ ಮನುಷ್ಯನಿಗೊಂದು ಪ್ಲೇಟ್ ಮಿರ್ಚಿ

ಮಹಾನಗರದ ಬಗ್ಗೆ ಬರೆಯಬೇಕಾದರೆ ಮಹಾನಗರದಲ್ಲಿ ಬದುಕಿರಬೇಕು ಎನ್ನುವವರಿದ್ದಾರೆ. ಹಾಗಾದರೆ ಸ್ವರ್ಗದ ಬಗ್ಗೆ ಬರೆದವರ ಗತಿಯೇನು? ನಾನು ಹುಟ್ಟಿ ಬೆಳೆದು, ಹತ್ತಿ ಮಂಡಿಯಲ್ಲಿ ಗುಮಾಸ್ತನಾಗಿ ತಲೆ ಬೆಳ್ಳಗೆ ಮಾಡಿಕೊಳ್ಳುತ್ತಿರುವುದು ಆದವಾನಿಯಲ್ಲಿ. ನನ್ನ ಕಥೆಗಳು ಮಾತ್ರ ಮುಂಬೈಯವು. ಮುಂಬೈ ರೈಲು ನಮ್ಮ ಸ್ಟೇಷನ್ನಿನಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತದೆ. ಕಿಟಕಿಗಳಲ್ಲಿ ಕಾಣುವ ಮುಖಗಳನ್ನು ನೋಡಿಕೊಂಡು ಬಂದು ಬರೆಯುತ್ತೇನೆ. ಎಲ್ಲ ಮುಖಗಳೂ ಬಾಡಿರುತ್ತವೆ. ಆಹಾ, ಇದಲ್ಲವೇ ನಗರದ ಒಂಟಿತನ ಎಂದುಕೊಳ್ಳುತ್ತೇನೆ. ಚಹಾದವನು ರೈಲಿನ ಆ ಡಬ್ಬಿಗೆ ಇನ್ನೂ ಹೋಗಿರಲಿಕ್ಕಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಆಕೆಗೆ ಸಾಹಿತ್ಯದ ಗಂಧಗಾಳಿ ಇಲ್ಲ.

ನನ್ನ ಕಥಾನಾಯಕ ಯಾವಾಗಲೂ ಹದಿನಾಲ್ಕನೇ ಮಹಡಿಯಲ್ಲಿರುತ್ತಾನೆ. ಕಿಟಕಿಯಲ್ಲಿ ನಿಂತಿರುತ್ತಾನೆ. ಅವನನ್ನು ಕೇಳುವವರಿಲ್ಲ. ಇದನ್ನು ನಾನು ಬರೆಯುವುದೋ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ! ಹೆಪ್ಪಿಗೆ ಮಜ್ಜಿಗೆ ಕೇಳಲು ಬರುವವರೆಲ್ಲ ಅದರ ಮೂಲಕವೇ ಹಾಯಬೇಕು. ಹಾಯುವಾಗ ಏನು ಬರೆಯುತ್ತಿದ್ದೀರಿ ಎಂದು ಕೇಳಬೇಕು. ಸಾಲದ್ದಕ್ಕೆ ನನ್ನ ಹೆಂಡತಿಯ ತಮ್ಮ ಬಸವರಾಜ ಅದೇ ಕೋಣೆಯಲ್ಲಿ ಮಂಚ ಹಾಕಿಕೊಂಡು ವರ್ಷಗಳೇ ಆಗಿದ್ದವು. ನನ್ನ ನಾಯಕ ಮೌನದಲ್ಲಿ ಮುಳುಗುವ ಹೊತ್ತಿಗೆ ಸರಿಯಾಗಿ ಇವನ ಗೊರಕೆ ಏಳುತ್ತಿತ್ತು. ಹೀಗಾಗಿ ಅವನು ಮಾರ್ಕೆಟ್ ಯಾರ್ಡಿನ ಹತ್ತಿರ ಹೋಟೆಲು ಇಡುತ್ತೇನೆ, ನಡೆದರೆ ಅದರ ಮೇಲಿನ ರೂಮಿಗೇ ಹೋಗಿ ಇರುತ್ತೇನೆ ಎಂದಾಗ ಅವನ ಅಕ್ಕನಿಗಿಂತ ಹೆಚ್ಚು ಹರಕೆ ಹೊತ್ತವನು ನಾನು. ಹೋಟೆಲು ನಡೆದರೆ ಕೋಣೆ ನನ್ನದು. ಮುಳುಗಿದರೆ ಮಂಚ ಶಾಶ್ವತ.

ಬಸವರಾಜನಿಗೆ ಹೋಟೆಲಿನ ಗೋಡೆಯ ತುಂಬ ಮುಂಬೈ ಬರೆಸುವ ಆಸೆ. ಲಾರಿಗಳಿಗೂ ಅಂಗಡಿ ಬೋರ್ಡುಗಳಿಗೂ ಬಣ್ಣ ಹಚ್ಚುವ ಈರಣ್ಣನನ್ನು ಕರೆಸಿದ. ಸಲಹೆಗಾರನಾಗಿ ನಾನು. ಈರಣ್ಣನ ಮುಂಬೈ ಎಂದರೆ ಎರಡು ಎತ್ತರದ ಕಟ್ಟಡ, ನಡುವೆ ಮುಳುಗುವ ಸೂರ್ಯ, ಒಂದು ತೆಂಗಿನ ಮರ, ಕೆಳಗೆ ಹಂಸ. ಹಂಸ ಯಾಕಯ್ಯಾ ಎಂದರೆ, ಹಂಸ ಇಲ್ಲದೆ ತಾನು ಈವರೆಗೆ ಯಾವ ಊರನ್ನೂ ಬರೆದಿಲ್ಲ ಎಂದ. ನಾನು ಅವನಿಗೆ ಒಂದಿಡೀ ದಿನ ನಗರಪ್ರಜ್ಞೆ ಬೋಧಿಸಿದೆ. ಕೊನೆಗೆ ಗೋಡೆಯ ಮೇಲೆ ಬೂದುಬಣ್ಣದ ಕಟ್ಟಡಗಳು, ಖಾಲಿ ಬೀದಿ ಮೂಡಿದವು; ಒಂದು ಕಿಟಕಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕುಳಿತ ಒಬ್ಬನೇ ಮನುಷ್ಯ. ಈರಣ್ಣ ಕಣ್ಣು ಬರೆಯುವುದರಲ್ಲಿ ಪಳಗಿದವನು. ನೀವು ಎಲ್ಲಿ ಕುಳಿತರೂ ಆ ಮನುಷ್ಯ ನಿಮ್ಮನ್ನೇ ನೋಡುತ್ತಿದ್ದ. ನನ್ನ ಕಥೆಯೇ ಗೋಡೆಗೆ ಇಳಿದಂತಾಗಿ ನನಗೆ ಕಣ್ಣೀರು ಬಂತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಹಸಿದವರು ನೋಡುತ್ತಿರುವಾಗ ನಾವು ಉಣ್ಣುವುದಿಲ್ಲ; ಕಣ್ಣು ತಾಗಿ ಹೊಟ್ಟೆನೋವು ಬರುತ್ತದೆ. ನಾಯಿ ನೋಡಿದರೂ ಮೊದಲು ಅದಕ್ಕೊಂದು ತುತ್ತು ಎಸೆಯುತ್ತೇವೆ. ನಗರಪ್ರಜ್ಞೆಯ ಭರದಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ ನೋಡಿ. ಹತ್ತಿ ತಂದ ರೈತರು ಹೋಟೆಲಿಗೆ ಬಂದರು, ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿಗೆ ಹೇಳಿದರು, ಮಿರ್ಚಿ ಕೈಗೆತ್ತಿಕೊಂಡು ತಲೆ ಎತ್ತಿದರು. ಕಿಟಕಿಯವನು ನೋಡುತ್ತಿದ್ದ. ಮಿರ್ಚಿ ಪ್ಲೇಟಿಗೆ ವಾಪಸಾಯಿತು. ಕೆಲವರು ಕುರ್ಚಿ ತಿರುಗಿಸಿ ಗೋಡೆಗೆ ಬೆನ್ನು ಕೊಟ್ಟು ತಿಂದರು. ಅವರಲ್ಲೊಬ್ಬ ಹತ್ತೋ ಹನ್ನೊಂದೋ ಮಿರ್ಚಿ ತಿಂದು ಹೊಟ್ಟೆ ಹಿಡಿದುಕೊಂಡ. ಆಪಾದನೆ ಬಂದದ್ದು ಕಿಟಕಿಯವನ ಮೇಲೆ. ಕೌತಾಳಂನ ಹಿರಿಯರೊಬ್ಬರು, ದೊಡ್ಡ ರುಮಾಲಿನವರು, ಬಸವರಾಜನನ್ನು ಕರೆದು ಹೇಳಿದರು:

“ಮೊದ್ಲು ಆತಗ ಏನರ ತಿನ್ನಾಕ ಕೊಡ್ರಪಾ. ಹಂಗ ನೋಡ್ಕಂತ ಕುಂತ್ರ ನಮಗ ಗಂಟಲಾಗ ಇಳೀತೈತೇನು?”

ವಾರ ಕಳೆಯುವಷ್ಟರಲ್ಲಿ ಹೋಟೆಲು ಚಿತ್ರದೊಳಗಿನ ಬೀದಿಯಷ್ಟೇ ಖಾಲಿಯಾಯಿತು. ಬಸವರಾಜ ಉಳಿದ ಮಿರ್ಚಿಯನ್ನೆಲ್ಲ ತಾನೇ ತಿಂದು, ಸಂಜೆಯಾಗುವ ಮೊದಲೇ ಬಂದು ಮಂಚದ ಮೇಲೆ ಉರುಳತೊಡಗಿದ. ಮೆಣಸಿನಕಾಯಿಯ ಗೊರಕೆ ಬೇರೆಯೇ ಇರುತ್ತದೆ.

ದಾರಿ ತೋರಿಸಿದವಳು ನನ್ನ ಹೆಂಡತಿ. “ಈರಣ್ಣಗ ಹೇಳಿ ಆತನ ಮುಂದೂ ಒಂದು ಪ್ಲೇಟ್ ಬರಸ್ರಿ. ಉಂಡವರ ಕಣ್ಣು ತಾಗಂಗಿಲ್ಲ,” ಎಂದಳು. ಹಾಗೆ ಮಾಡಿದರೆ ಕಲೆ ಸತ್ತೇ ಹೋಗುತ್ತದೆ ಎಂದು ನಾನು ಹೇಳಿದೆ.

“ಸಾಯ್ಲಿ ಬಿಡ್ರಿ. ನನ್ನ ತಮ್ಮ ಬದುಕ್ಲಿ.”

ಮಂಚ ನೆನಪಾಗಿ ನಾನೇ ಈರಣ್ಣನಿಗೆ ಹೇಳಿಕಳಿಸಿದೆ. ಈರಣ್ಣ ಬಂದು ಕಿಟಕಿಯವನ ಮುಂದೆ ಮಿರ್ಚಿ ಬರೆದ. ಮರುದಿನವೇ ಜನ ಬಂದರು. ಆದರೆ ಒಬ್ಬನೇ ಹೇಗೆ ತಿನ್ನುತ್ತಾನೆ ಪಾಪ ಎಂದು ಯಾರೋ ಕೊರಗಿದರು; ಪಕ್ಕದಲ್ಲೊಬ್ಬ ಹೆಂಡತಿ ಬಂದಳು. ಹೆಂಡತಿಯ ಹಿಂದೆ ಅತ್ತೆ ಬಂದಳು. ಎದುರು ಕಿಟಕಿಯ ಹೆಂಗಸೊಬ್ಬಳು ಬಟ್ಟಲು ಚಾಚಿ ಹೆಪ್ಪು ಕೇಳತೊಡಗಿದಳು. ಖಾಲಿ ಬೀದಿಯಲ್ಲಿ ಕುರಿಹಿಂಡು ಇಳಿಯಿತು, ಅದರ ಹಿಂದೆ ಕಂಬಳಿ ಹೊದ್ದ ಕುರಿಗಾಹಿ. ಕಟ್ಟಡದ ಮಾಳಿಗೆಯ ಮೇಲೆ ಹಾಸಿಗೆಗಳು ಬಿದ್ದವು. ನಾನು ಇಲ್ಲದ ಹೊತ್ತು ನೋಡಿ ಈರಣ್ಣ ಹಂಸವನ್ನೂ ಬಿಟ್ಟ. ಇದು ಮುಂಬೈಯೇ ಅಲ್ಲ, ಆದವಾನಿಯನ್ನು ಎತ್ತರಕ್ಕೆ ಕಟ್ಟಿದ್ದೀರಿ ಎಂದು ನಾನು ಕೂಗಾಡಿದೆ. ಅಷ್ಟರಲ್ಲಿ ಹತ್ತಿ ಕೊಳ್ಳಲು ಬಂದಿದ್ದ ನಿಜವಾದ ಮುಂಬೈಯವರೊಬ್ಬರು ಗೋಡೆಯ ಮುಂದೆ ನಿಂತು ಮನಸಾರೆ ನೋಡಿದರು. ಹಂಸವೊಂದನ್ನು ಬಿಟ್ಟರೆ ತಮ್ಮ ವಠಾರ, ಆ ಚಾಳು, ಥೇಟ್ ಹೀಗೇ ಇದೆ ಎಂದು ಹಿಂದಿಯಲ್ಲಿ ಹೇಳಿ, ಫೋಟೊ ತೆಗೆದುಕೊಂಡು ಹೋದರು. ಪಾಪ, ಅವರು ನನ್ನ ಕಥೆಗಳನ್ನು ಓದಿಲ್ಲ.

ಹೋಟೆಲು ಚೆನ್ನಾಗಿ ನಡೆಯತೊಡಗಿತು. ಬಸವರಾಜ ಮಂಚ ಹೊತ್ತುಕೊಂಡು ಹೋದ. ನನ್ನ ಹೆಂಡತಿ ತಮ್ಮನೊಂದಿಗೆ ಕೈಜೋಡಿಸಲು ಹಗಲೆಲ್ಲ ಹೋಟೆಲಿನಲ್ಲೇ ಇರತೊಡಗಿದಳು. ಹೆಪ್ಪು ಕೇಳುವವರೂ ಅಲ್ಲಿಗೇ ಹೋದರು. ಕೋಣೆ ನನ್ನದಾಯಿತು. ಬಾಗಿಲು ಹಾಕಿಕೊಂಡು ಕುಳಿತೆ. ಒಂದು ಸಾಲೂ ಹುಟ್ಟಲಿಲ್ಲ. ಏನು ಬರೆಯುತ್ತಿದ್ದೀರಿ ಎಂದು ಕೇಳುವವರೇ ಇಲ್ಲದಿದ್ದರೆ ಯಾರ ಮೇಲೆ ಸಿಡುಕಿ ಬರೆಯಲಿ? ಬೇಜಾರಾಗಿ ಹೋಟೆಲಿಗೆ ಹೋದೆ. ಎಲ್ಲರೂ ಗಲಗಲ ಮಾತಾಡುತ್ತ ತಿನ್ನುತ್ತಿದ್ದರು. ಗೋಡೆಯವನಿಗೂ ಕೈತುಂಬ ಕೆಲಸ. ನಾನು ಮೂಲೆಯಲ್ಲಿ ಕುಳಿತು, ಗಲ್ಲಕ್ಕೆ ಕೈಕೊಟ್ಟು, ಈ ಜನಸಾಗರವನ್ನು ಸುಮ್ಮನೆ ನೋಡುತ್ತಿದ್ದೆ.

ಎದುರಿನ ಮೇಜಿನಲ್ಲಿ ಕೌತಾಳಂನ ಆ ರುಮಾಲಿನ ಹಿರಿಯರು ಮಿರ್ಚಿಯನ್ನು ಬಾಯಿಯವರೆಗೆ ತಂದವರು ನನ್ನನ್ನು ನೋಡಿ ಕೈ ತಡೆದರು. ಪ್ಲೇಟನ್ನು ಮೆಲ್ಲಗೆ ಆಚೆ ಸರಿಸಿ ಬಸವರಾಜನನ್ನು ಕರೆದರು.

“ಗೋಡಿ ಮ್ಯಾಲಿನಾತಂದು ಬಗೆಹರೀತು. ಈಗ ಈತಗೂ ಒಂದು ಪ್ಲೇಟ್ ಕೊಟ್ಬಿಡ್ರಪಾ.”

ಕೊಟ್ಟರು. ತಿಂದೆ. ಅವರೂ ನಿಶ್ಚಿಂತೆಯಾಗಿ ತಿಂದರು.