ನೀಲಗಂಗವ್ವನ ಅಲುಗದ ದವಡೆಹಲ್ಲು

“ಹಲ್ಲು ಗಟ್ಟಿ ಐತೋ ಇಲ್ಲೋ ಅಂತ ಇನ್ನ ಯಾರನ್ನೂ ಕೇಳೋದು ಬ್ಯಾಡ ವೈನಿ! ಈ ಮಷೀನೇ ಹೇಳತೈತಿ!”

ಈರಸಂಗಪ್ಪ ಹಳೆಯ ರೇಡಿಯೊ ಪೆಟ್ಟಿಗೆಯೊಂದನ್ನು ಕರದಂಟಿನ ತಟ್ಟೆಗಳ ನಡುವೆ ಇಟ್ಟು ಎದೆಯುಬ್ಬಿಸಿ ನಿಂತ. ಅದರ ವೈರಿನ ತುದಿಯಲ್ಲಿ ಪೆನ್ನಿನಂಥ ಕಡ್ಡಿಯಿತ್ತು.

ಅತ್ತಿಗೆ ನೀಲಗಂಗವ್ವ ಕಡ್ಡಿಯನ್ನು ಅನುಮಾನದಿಂದ ನೋಡಿದಳು. ಈ ಮೈದುನ ಹೋದ ವರ್ಷ ಮಾಡಿದ ರೊಟ್ಟಿ ಬಡಿಯುವ ಯಂತ್ರ ರೊಟ್ಟಿ ಬಿಟ್ಟು ಮನೆಯವರನ್ನೆಲ್ಲ ಬಡಿದಿತ್ತು.

ಆದರೆ ಆಕೆಗೂ ಅವಸರವಿತ್ತು. ಅಮೀನಗಡದ ಅವರ ಕರದಂಟಿನ ಮಿಠಾಯಿ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಪ್ರತಿ ಪಾಕದ ಮೊದಲ ತುಂಡನ್ನು ಬಲದವಡೆಯಲ್ಲಿ ಕಚ್ಚಿ ಹದ ಹೇಳುತ್ತಿದ್ದವಳು ಆಕೆಯೇ. ಆ ಹಲ್ಲು ಹೋಗಿ, ಮೂರು ವಾರದ ಹಿಂದೆ ಡಾಕ್ಟರಮ್ಮ ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಹೊಸ ಹಲ್ಲು ತೊಡಿಸಿದ್ದರು. “ಮೂಳಿ ಹಿಡ್ಕೊಳ್ಳಾಕ ಮೂರು ತಿಂಗಳು ಬೇಕ್ರಿ. ಮೊದಲ ಹಳೇ ಮೂಳಿ ಕರಗಿ ಸ್ವಲ್ಪ ಸಡ್ಲ ಆಗತೈತಿ, ಆಮ್ಯಾಲ ಹೊಸದು ಬೆಳೀತೈತಿ. ಅಲ್ಲೀತನಕ ಆ ಕಡೆ ಅಗೀಬ್ಯಾಡ್ರಿ” ಎಂದಿದ್ದರು. ಎಡದವಡೆಗೆ ಹದ ತಿಳಿಯದು ಎಂಬುದು ನೀಲಗಂಗವ್ವನ ಹಟ. ಕಚ್ಚಿ ನೋಡದೆ ಕಳಿಸಿದ ಎರಡು ತಟ್ಟೆ ಕರದಂಟು ಚಾಕುವಿಗೂ ಬಗ್ಗದೆ ವಾಪಸ್ ಬಂದಿತ್ತು. ನಾಳೆ ಇಳಕಲ್ಲಿನ ಮದುವೆಗೆ ಅರವತ್ತು ಕಿಲೊ ಹೋಗಬೇಕು!

ಆಕೆ ಬಾಯಿ ತೆರೆದಳು. ಕಡ್ಡಿ ಹತ್ತಿರ ಬಂದದ್ದೇ ಹಲ್ಲು ‘ಗುಂಯ್’ ಎಂದಿತು.

“ಮುಳ್ಳು ಐವತ್ತೆಂಟಕ್ಕ ನಿಂತೈತಿ! ಎಪ್ಪತ್ತು ದಾಟಿದ್ರ ಕಲ್ಲು ಕಡೀಬಹುದು. ಒಂದೀಟು ನಡುಕ ಹೆಚ್ಚು ಮಾಡ್ಲಿ? ಮೂರು ತಿಂಗಳದ ಮೂಳಿ ಮೂರು ನಿಮಿಷದಾಗ ಬೆಳೀತೈತಿ!”

“ಬ್ಯಾಡೋ!” ಎನ್ನಲು ಹೋದಳು. ಬಾಯಲ್ಲಿ ಕಡ್ಡಿಯಿತ್ತು.

ಮುಳ್ಳು ಅರವತ್ತೆರಡಕ್ಕೆ ಬಂದಾಗ ಆಕೆಯ ಕನ್ನಡಕದ ಸ್ಕ್ರೂ ಬಿಚ್ಚಿ ಎರಡೂ ಗಾಜು ಮಡಿಲಿಗೆ ಬಿದ್ದವು. ಅರವತ್ತೊಂಬತ್ತಕ್ಕೆ ಕಪಾಟಿನ ಬಾಗಿಲು ಕಳಚಿತು. ಎಂಬತ್ತಕ್ಕೆ, ಹೊರಗೆ ಸ್ಕೂಟರ್ ನಿಲ್ಲಿಸುತ್ತಿದ್ದ ಗಿರಾಕಿಯ ಕೈಯಲ್ಲಿ ಬರೀ ಹ್ಯಾಂಡಲ್ ಉಳಿಯಿತು!

“ಬಂದ್ ಮಾಡೋ ಮಾರಾಯಾ!” ನೀಲಗಂಗವ್ವ ಕಡ್ಡಿ ಉಗುಳಿ ಕೂಗಿದಳು.

ಈರಸಂಗಪ್ಪ ಗುಂಡಿ ತಿರುಗಿಸಿದ. ಗುಂಡಿ ಕೈಗೇ ಬಂತು. ಪ್ಲಗ್ ಕಿತ್ತ. ಪ್ಲಗ್ಗಿನ ಮೇಲಿನ ಚಿಪ್ಪಷ್ಟೇ ಬಂತು. ನೂರಕ್ಕೆ ಅಂಗಡಿಯ ಬೋರ್ಡು ಧಡಾರನೆ ಬೀದಿಗೆ ಬಿತ್ತು, ಅದರ ಹಿಂದೆಯೇ ಯಂತ್ರವೂ ಸ್ಕ್ರೂಗಳ ಗುಡ್ಡೆಯಾಯಿತು.

ನೀಲಗಂಗವ್ವ ತಟ್ಟೆಯಿಂದ ಒಂದು ತುಂಡು ತೆಗೆದು ಬಲದವಡೆಯಲ್ಲಿ ಕಟಂ ಎಂದು ಕಚ್ಚಿದಳು. “ಹದ ಬಂದೈತಿ. ಕಟ್ಟಿ ಕಳಸ್ರಿ” ಎಂದಳು. ಆಗಲೇ ಆಕೆ ಕೂತಿದ್ದ ಸ್ಟೂಲು ಕುಸಿಯಿತು!

ಯಂತ್ರ ಸತ್ತರೂ ನಡುಕ ಹಲ್ಲಿನಲ್ಲಿ ಉಳಿದುಬಿಟ್ಟಿತ್ತು. ಆಕೆ ಅಗಿದರೆ ಸಾಕು, ಹತ್ತು ಮಾರಿನೊಳಗಿನ ಸ್ಕ್ರೂಗಳೆಲ್ಲ ಸಡಿಲ. ಮದುವೆಯ ಕರದಂಟಿಗೆ ಒಳ್ಳೆಯ ಹೆಸರು ಬಂತು. ವಾರದೊಳಗೆ ಟ್ರ್ಯಾಕ್ಟರಿನವರು, ಬೋರ್‌ವೆಲ್ಲಿನವರು ತುಕ್ಕು ಹಿಡಿದ ಬೋಲ್ಟು ಹೊತ್ತು ತಂದು ಅಂಗಡಿ ಮುಂದೆ ಸಾಲು ನಿಂತರು. ಈರಸಂಗಪ್ಪ ಎಲ್ಲರಿಗೂ ಸರದಿಯ ಚೀಟಿ ಹಂಚುತ್ತಿದ್ದ.

ಸುದ್ದಿ ಕೇಳಿದ ಡಾಕ್ಟರಮ್ಮ ಆಕೆಯನ್ನು ಆಸ್ಪತ್ರೆಯೊಳಕ್ಕೆ ಬಿಡುವ ಧೈರ್ಯ ಮಾಡದೆ ಫೋನಿನಲ್ಲೇ ವಿಚಾರಿಸಿದರು. “ಹಲ್ಲು ಹೆಂಗೈತ್ರಿ?”

“ಹಲ್ಲು ಗಟ್ಟಿ ಐತ್ರಿ” ಎಂದಳು ನೀಲಗಂಗವ್ವ, ಗೋಡೆಗೆ ಒರಗಿ ನಿಂತು. “ಮನ್ಯಾಗ ಕೂಡ್ರಾಕ ಒಂದು ಕುರ್ಚಿ ಉಳಿದಿಲ್ಲ.”